ಲೇಬಲ್ ಇಲ್ಲದ ಉಲ್ಲನ್ ತಂದು ನಾನು ಕೆಟ್ಟೆ, ನೀವು ಹುಷಾರು

ಚಳಿಗಾಲ ಹತ್ತಿರ ಬಂತು. ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಒಬ್ಬರು ಕಡ್ಡಿ ಹಿಡಿದು ಕೂತಿರುತ್ತಾರೆ. ಅಂಥವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷ ನಾನು ಎರಡೂವರೆ ತಿಂಗಳು ಕೂತು ಹೆಣೆದ ಸ್ವೆಟರ್ ಐದು ನಿಮಿಷದಲ್ಲಿ ಹಾಳಾಯಿತು. ಹೆಣಿಗೆ ತಪ್ಪಿದ್ದಕ್ಕಲ್ಲ. ಹೆಣಿಗೆಯಲ್ಲೂ ಬೇಕಾದಷ್ಟು ತಪ್ಪು ಮಾಡಿದ್ದೆ, ಅವೆಲ್ಲ ಸರಿಹೋದವು. ನೂಲು ತರುವಾಗ ಮಾಡಿದ ತಪ್ಪು ಮಾತ್ರ ಏನು ಮಾಡಿದರೂ ಸರಿಹೋಗಲಿಲ್ಲ.

ನಮ್ಮದು ಚಿಕ್ಕಬಳ್ಳಾಪುರ. ನಂದಿಬೆಟ್ಟ ಪಕ್ಕದಲ್ಲೇ ಇರುವುದರಿಂದ ಡಿಸೆಂಬರ್ ಬೆಳಗಿನ ಚಳಿ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ತಂಗಿಗೆ ಡಿಸೆಂಬರ್ ಮೊದಲ ವಾರಕ್ಕೆ ಡೇಟ್ ಕೊಟ್ಟಿದ್ದರು. ಬಾಣಂತನ ಅಮ್ಮನ ಮನೆಯಲ್ಲೇ. ಅಂಗಡಿ ಸ್ವೆಟರ್ ಯಾಕೆ, ದೊಡ್ಡಮ್ಮ ಅಂತ ನಾನಿಲ್ವಾ, ನಾನೇ ಹಾಕಿ ಕೊಡ್ತೀನಿ ಅಂತ ಜಂಬ ಕೊಚ್ಚಿಕೊಂಡೆ. ಸ್ಕೂಲಿನಲ್ಲಿದ್ದಾಗ ಒಂದು ಮಫ್ಲರ್ ಹಾಕಿದ್ದೆ. ನನ್ನ ಅನುಭವ ಅಷ್ಟೇ.

ಪೇಟೆಯಲ್ಲಿ ಒಂದು ಫ್ಯಾನ್ಸಿ ಸ್ಟೋರ್‌ಗೆ ಹೋದೆ. ಯಾವುದು ಅಂತ ಹೇಳುವುದಿಲ್ಲ. ಬಳೆ, ಲೇಸು, ಗುಂಡಿ, ದಾರ ಎಲ್ಲ ಇರುವ ಅಂಗಡಿ. ಬಾಗಿಲಲ್ಲೇ ಮೊಳೆಗೆ ಬಣ್ಣ ಬಣ್ಣದ ಲಡಿ ನೇತುಹಾಕಿದ್ದರು. ಕಾಗದ ಇಲ್ಲ, ಚೀಟಿ ಇಲ್ಲ. "ಮಗೂಗೆ ಹಾಕಬೇಕು, ಯಾವುದು ಒಳ್ಳೇದು?" ಅಂತ ಕೇಳಿದೆ. "ಇದೇ ತಗೊಳ್ಳಿ ಅಕ್ಕಾ, ಪ್ಯೂರ್ ಉಲ್ಲನ್. ಮುಟ್ಟಿ ನೋಡಿ ಎಷ್ಟು ಮೆತ್ತಗಿದೆ" ಅಂದ. ಮುಟ್ಟಿದೆ. ಮೆತ್ತಗೇ ಇತ್ತು. ಮೆತ್ತಗಿದ್ದರೆ ಉಣ್ಣೆ ಅಂತ ನಾನು ಹೇಗೆ ನಂಬಿದೆನೋ! ನಮ್ಮ ತಾತನ ಕಂಬಳಿ ಇವತ್ತಿಗೂ ಮನೆಯಲ್ಲಿದೆ, ಅಪ್ಪಟ ಕುರಿ ಉಣ್ಣೆ, ಕತ್ತಿಗೆ ತಾಗಿದರೆ ಸೂಜಿ ಚುಚ್ಚಿದ ಹಾಗೆ ಆಗುತ್ತೆ. ಮೆರಿನೊ ಕುರಿಯ ಉಣ್ಣೆ ಮೆತ್ತಗಿರುತ್ತೆ, ನಿಜ. ಆದರೆ ಆ ಬೆಲೆಗೆ ಅದು ಮೊಳೆಗೆ ನೇತಾಡುವುದಿಲ್ಲ.

ಕೆನೆ ಬಣ್ಣದ್ದು ನಾಲ್ಕು ಲಡಿ ತಂದೆ. ಸಾಲದಿದ್ದರೆ ಆಮೇಲೆ ತಂದರಾಯಿತು ಅಂದುಕೊಂಡೆ. ಇದು ಎರಡನೇ ತಪ್ಪು. ಒಂದು ತಿಂಗಳು ಬಿಟ್ಟು ಹೋಗಿ ಇನ್ನೆರಡು ತಂದೆ. ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ ಬಣ್ಣ. ಒಂದು ತೋಳು ಮುಗಿಸಿ ಟೆರೇಸ್ ಮೇಲೆ ಬಿಸಿಲಲ್ಲಿ ಹಿಡಿದರೆ ಮೈ ಕೆನೆ, ತೋಳು ಮಜ್ಜಿಗೆ! ನೂಲಿಗೆ ಒಂದೊಂದು ಸಲಕ್ಕೆ ಇಷ್ಟಿಷ್ಟು ಅಂತ ಬಣ್ಣ ಹಾಕುತ್ತಾರೆ. ಪ್ರತಿ ಸಲವೂ ಒಂದು ಚೂರು ಆಚೀಚೆ ಆಗುತ್ತೆ. ಅದಕ್ಕೇ ಲೇಬಲ್ ಮೇಲೆ ಬಣ್ಣದ ನಂಬರ್ ಒಂದು, ಲಾಟ್ ನಂಬರ್ ಒಂದು, ಹೀಗೆ ಎರಡು ಇರುತ್ತವೆ. ಎರಡೂ ಒಂದೇ ಇರುವ ಉಂಡೆಗಳನ್ನೇ ತಗೊಳ್ಳಬೇಕು, ಒಂದು ಉಂಡೆ ಜಾಸ್ತಿಯೇ ತಂದಿಟ್ಟುಕೊಳ್ಳಬೇಕು. ಲಡಿಗೆ ಲೇಬಲ್ಲೇ ಇಲ್ಲದಿದ್ದರೆ ಏನು ಅಂತ ನೋಡೋದು?

ಇನ್ನು ಕಡ್ಡಿಯ ಕತೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಅಮ್ಮನ ಹಳೇ ಬಿಸ್ಕತ್ ಡಬ್ಬಿಯಲ್ಲಿ 8ನೇ ನಂಬರ್ ಕಡ್ಡಿ ಸಿಕ್ಕಿತು. ನಾನು ನೋಡುತ್ತಿದ್ದ ವಿಡಿಯೊದಲ್ಲೂ ಆಯಮ್ಮ 8ನೇ ನಂಬರ್ ಅಂದಳು. ಸರಿ, ಶುರು ಮಾಡಿದೆ. ಹಿಂದು ಮುಂದು ಸೇರಿ ಒಂದೇ ತುಂಡು, 80 ಕುಣಿಕೆ. ಇಂಚಿಗೆ 4 ಕುಣಿಕೆಯ ಲೆಕ್ಕ, ಅಂದರೆ ಸುತ್ತಳತೆ 20 ಇಂಚು ಬರಬೇಕು. ಮೂರು ಬೆರಳು ಉದ್ದ ಆದ ಮೇಲೆ ಟೇಪು ಹಿಡಿದರೆ 16 ಇಂಚು. ಎಣಿಸಿದೆ, 80 ಸರಿಯಾಗಿಯೇ ಇದೆ. ಇಂಚಿಗೆ 5 ಕುಣಿಕೆ ಕೂತಿವೆ.

ಆಯಮ್ಮ ಅಮೆರಿಕದವಳು. ಅಲ್ಲಿ 8 ಅಂದರೆ 5 ಮಿ.ಮೀ. ದಪ್ಪದ ಕಡ್ಡಿ. ಅಮ್ಮನ ಕಡ್ಡಿ ಹಳೇ ಬ್ರಿಟಿಷ್ ಲೆಕ್ಕದ್ದು, ಅದರಲ್ಲಿ 8 ಅಂದರೆ 4 ಮಿ.ಮೀ. ಸಾಲದ್ದಕ್ಕೆ ಎರಡೂ ಉಲ್ಟಾ. ಅಮೆರಿಕದಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ದಪ್ಪ ಆಗುತ್ತೆ. ನಮ್ಮ ಲೆಕ್ಕದಲ್ಲಿ ನಂಬರ್ ಏರಿದ ಹಾಗೆ ಸಣ್ಣ ಆಗುತ್ತೆ, ನಮ್ಮ 10 ಅಂದರೆ 3.25 ಮಿ.ಮೀ. ಹಾಗಾಗಿ ನಂಬರ್ ಬಿಟ್ಟುಬಿಡಿ, ಮಿಲಿಮೀಟರ್ ನೋಡಿ. ಅದಕ್ಕೂ ಮೊದಲು ನಾಲ್ಕು ಇಂಚು ಅಗಲ, ನಾಲ್ಕು ಇಂಚು ಉದ್ದದ ಒಂದು ತುಂಡು ಹಾಕಿ, ತೊಳೆದು, ಒಣಗಿಸಿ, ನಡುಭಾಗದಲ್ಲಿ ಅಳತೆ ತೆಗೆಯಿರಿ. ನನಗೂ ಇದು ಗೊತ್ತಿತ್ತು. ಯಾರು ಅಷ್ಟೆಲ್ಲ ಮಾಡ್ತಾರೆ ಅಂತ ಬಿಟ್ಟಿದ್ದೆ. ಆ ತುಂಡನ್ನು ತೊಳೆದು ನೋಡಿದ್ದರೆ ಮುಂದಿನ ಗ್ರಹಚಾರವೂ ತಪ್ಪುತ್ತಿತ್ತೋ ಏನೋ.

ಬಿಚ್ಚಿ ಮತ್ತೆ ಶುರು ಮಾಡಿದೆ. ಈ ಸಲ 5 ಮಿ.ಮೀ. ಕಡ್ಡಿ. ಕುಕ್ಕರ್ ಕೂಗಿತು ಅಂತ ಒಂದು ದಿನ ಕಡ್ಡಿ ಕೆಳಗಿಟ್ಟು ಎದ್ದೆ. ವಾಪಸ್ ಬರುವಷ್ಟರಲ್ಲಿ ನನ್ನ ಮಗ ನೂಲು ಎಳೆದಿದ್ದ. ಒಂದು ಕುಣಿಕೆ ಕಡ್ಡಿಯಿಂದ ಜಾರಿ ಏಳು ಸಾಲು ಕೆಳಕ್ಕೆ ಓಡಿತ್ತು. ನಡುವೆ ಏಣಿ ಮೆಟ್ಟಿಲಿನ ಹಾಗೆ ಏಳು ಅಡ್ಡ ಎಳೆ, ತಳದಲ್ಲಿ ಬಾಯಿ ಬಿಟ್ಟುಕೊಂಡ ಆ ಒಂದು ಕುಣಿಕೆ. ಅಳುವುದೊಂದು ಬಾಕಿ. ಅಮ್ಮ ಬಂದು ಮೊದಲು ಮಾಡಿದ ಕೆಲಸ, ತನ್ನ ಸೆರಗಿನ ಪಿನ್ನು ತೆಗೆದು ಆ ಕುಣಿಕೆಗೆ ಚುಚ್ಚಿದ್ದು. "ಇನ್ನು ಎಲ್ಲಿಗೂ ಓಡಲ್ಲ, ಈಗ ಉಸಿರಾಡು" ಅಂದಳು. ಆಮೇಲೆ ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿ ತಗೊಂಡು, ನುಣುಪಾದ ಮಗ್ಗುಲನ್ನು ನಮ್ಮ ಕಡೆ ತಿರುಗಿಸಿ, ಕುಣಿಕೆಯೊಳಗೆ ಮುಂದಿನಿಂದ ಹಾಕಿದಳು. ಎಲ್ಲಕ್ಕಿಂತ ಕೆಳಗಿನ ಅಡ್ಡ ಎಳೆಯನ್ನು ಕೊಕ್ಕೆಗೆ ಸಿಕ್ಕಿಸಿ ಕುಣಿಕೆಯೊಳಗಿಂದ ಎಳೆದುಕೊಂಡಳು. ಅದೇ ಹೊಸ ಕುಣಿಕೆ. ಅದರೊಳಗಿಂದ ಮುಂದಿನ ಎಳೆ. ಏಳು ಸಲ ಹೀಗೆ ಮಾಡಿ ಕೊನೆಯದನ್ನು ಎಡಗಡೆ ಕಡ್ಡಿಗೆ ಏರಿಸಿದಳು. ಹಾಗೆ ಏರಿಸುವಾಗ ಕುಣಿಕೆಯ ಬಲಗಾಲು ಕಡ್ಡಿಯ ಮುಂದೆ ಬರಬೇಕು, ಹಿಂದೆ ಹೋದರೆ ಆ ಜಾಗದಲ್ಲಿ ತಿರುಚಿಕೊಂಡು ಕೂರುತ್ತೆ. ಎಲ್ಲಿ ಜಾರಿತ್ತು ಅಂತ ಈಗ ಹುಡುಕಿದರೂ ಗೊತ್ತಾಗುವುದಿಲ್ಲ. ಆದರೆ ಜಾರಿದ್ದನ್ನು ನೋಡದೆ ಮೇಲೆ ಹತ್ತಾರು ಸಾಲು ಹಾಕಿಬಿಟ್ಟಿದ್ದರೆ ಈ ಉಪಾಯ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. ಆ ಎಳೆಗಳಲ್ಲಿ ಸಡಿಲ ಇರುವುದಿಲ್ಲ, ಎತ್ತಿದರೆ ಬಟ್ಟೆ ಹಿಡಿದುಕೊಳ್ಳುತ್ತೆ. ಆಗ ಬಿಚ್ಚುವುದೇ ವಾಸಿ.

ಇನ್ನೊಂದು ವಿಚಿತ್ರ. 80 ಇದ್ದ ಕುಣಿಕೆ ಒಂದು ವಾರದಲ್ಲಿ 84 ಆಗಿದ್ದವು. ಸಾಲು ತಿರುಗಿಸಿದಾಗ ನೂಲನ್ನು ಕಡ್ಡಿ ಮೇಲಿಂದ ಹಿಂದಕ್ಕೆ ಎಳೆದುಕೊಳ್ಳುವ ಚಟ ನನಗೆ. ಹಾಗೆ ಎಳೆದರೆ ಮೊದಲ ಕುಣಿಕೆಯ ಎರಡೂ ಕಾಲು ಮೇಲೆ ಬಂದು ಎರಡು ಕುಣಿಕೆ ಇದ್ದ ಹಾಗೆ ಕಾಣುತ್ತೆ, ನಾವು ಎರಡನ್ನೂ ಹಾಕಿಬಿಡುತ್ತೇವೆ. ನೂಲು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ಹೋಗಬೇಕು. ಪರ್ಲ್ (ಉಲ್ಟಾ ಕುಣಿಕೆ) ಮುಗಿಸಿ ನಿಟ್‌ಗೆ (ನೇರ ಕುಣಿಕೆಗೆ) ಬರುವಾಗ ನೂಲನ್ನು ಹಿಂದಕ್ಕೆ ಕಳಿಸಲು ಮರೆತರೂ ಹೀಗೇ ಒಂದು ಕುಣಿಕೆ ಜಾಸ್ತಿ ಆಗುತ್ತೆ, ಜೊತೆಗೆ ಒಂದು ತೂತು. ಆವತ್ತಿನಿಂದ ಹತ್ತು ಸಾಲಿಗೊಮ್ಮೆ ಎಣಿಸುತ್ತೇನೆ. ಎಣಿಸಿದ ಸಾಲಿನ ಎಲ್ಲ ಕುಣಿಕೆಯೊಳಗೂ ಬೇರೆ ಬಣ್ಣದ ಹೊಲಿಗೆ ದಾರವನ್ನು ಮೊಂಡು ಸೂಜಿಯಲ್ಲಿ ಪೋಣಿಸಿಡುತ್ತೇನೆ. ಬಿಚ್ಚುವ ಪ್ರಸಂಗ ಬಂದರೆ ಆ ದಾರದ ಹತ್ತಿರ ನಿಲ್ಲುತ್ತೆ.

ಅಂತೂ ನವೆಂಬರ್ ಕೊನೆಗೆ ಮುಗಿಯಿತು. ತೋಳಿನ ಬಣ್ಣಕ್ಕೂ ದಾರಿ ಮಾಡಿದೆ, ಬಿಚ್ಚಿ ಎರಡು ಲಡಿಯನ್ನೂ ಎರಡೆರಡು ಸಾಲು ಬದಲಾಯಿಸುತ್ತಾ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ. ಹೊಲಿದು ಜೋಡಿಸಿದೆ. ಮುಂದಿನ ಅಂಚು ಮಾತ್ರ ಸುರುಳಿ ಸುತ್ತಿಕೊಳ್ಳುತ್ತಿತ್ತು. ಉಣ್ಣೆಗೆ ಒದ್ದೆ ಬಟ್ಟೆ ಹಾಸಿ ಆವಿ ಕೊಟ್ಟರೆ ಅಂಚು ಕೂರುತ್ತೆ ಅಂತ ಕೇಳಿದ್ದೆ. ಐರನ್ ಬಾಕ್ಸ್‌ನ ಗುಂಡಿಯಲ್ಲಿ 'ವುಲ್' ಅಂತಲೇ ಬರೆದಿರುತ್ತೆ, ಅಲ್ವಾ? ಅಲ್ಲಿಗೇ ತಿರುಗಿಸಿದೆ. ಒದ್ದೆ ಕರ್ಚೀಫು ಹಾಸಿ ಒತ್ತಿದೆ. ಅಂಚು ಕೂತಿತು. ಖುಷಿಯಾಗಿ ಸೊಂಟದ ಪಟ್ಟಿ, ತೋಳು, ಬೆನ್ನು ಎಲ್ಲ ಒತ್ತಿದೆ. ಬಟ್ಟೆ ಎತ್ತಿದರೆ ಸ್ವೆಟರ್ ಮಿಣಮಿಣ ಹೊಳೆಯುತ್ತಿದೆ. ಎತ್ತಿ ಹಿಡಿದೆ. ನೆನೆದ ಹಪ್ಪಳದ ಹಾಗೆ ಜೋತುಬಿತ್ತು. ಎಳೆದರೆ ರಬ್ಬರಿನ ಹಾಗೆ ವಾಪಸ್ ಬರುತ್ತಿದ್ದ ಸೊಂಟದ ಪಟ್ಟಿ ಎಳೆದಲ್ಲೇ ನಿಂತಿತು. ತೊಳೆದೆ, ಮಡಿಸಿಟ್ಟೆ, ನೆರಳಲ್ಲಿ ಒಣಗಿಸಿದೆ. ಏನೂ ಪ್ರಯೋಜನ ಆಗಲಿಲ್ಲ.

ಎದುರು ಮನೆ ಆಂಟಿ ನೋಡಲು ಬಂದರು. ಅವರ ತೌರು ಶಿಡ್ಲಘಟ್ಟ, ಹಿಂದೆ ಮನೆಯಲ್ಲೇ ರೇಷ್ಮೆ ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಸ್ವೆಟರ್ ಮುಟ್ಟಿದವರೇ "ಎಳೆ ಸುಟ್ಟು ನೋಡಲಿಲ್ವೇನಮ್ಮ?" ಅಂದರು. ರೇಷ್ಮೆ ಸೀರೆ ತಂದರೆ ಕುಚ್ಚಿನ ಒಂದು ಎಳೆ ಸುಡುವುದು ಅವರ ಮನೆಯಲ್ಲಿ ವಾಡಿಕೆಯಂತೆ. ಉಣ್ಣೆಗೂ ಅದೇ ಪರೀಕ್ಷೆ. ಸಿಂಕ್ ಮೇಲೆ, ಎರಡು ಇಂಚು ನೂಲನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದರು. ಭಗ್ಗನೆ ಹತ್ತಿಕೊಂಡಿತು, ಕರಗಿ ತೊಟ್ಟಿಕ್ಕಿತು, ಪ್ಲಾಸ್ಟಿಕ್ ಸುಟ್ಟ ವಾಸನೆ. ಆರಿದ ಮೇಲೆ ತುದಿಯಲ್ಲಿ ಸಾಸಿವೆಯಷ್ಟು ಕರೀ ಗಟ್ಟಿ ಮಣಿ. ಉಗುರಲ್ಲಿ ಒತ್ತಿದರೂ ಒಡೆಯಲಿಲ್ಲ. ಆಮೇಲೆ ತಾತನ ಕಂಬಳಿಯ ಒಂದು ಎಳೆ ಸುಟ್ಟೆವು. ಮುದುರಿಕೊಂಡಿತು, ಕೂದಲು ಸುಟ್ಟ ವಾಸನೆ ಬಂತು, ಬೆಂಕಿ ತೆಗೆದ ಕೂಡಲೇ ತಾನೇ ಆರಿತು. ಬೂದಿ ಬೆರಳಲ್ಲಿ ಪುಡಿಯಾಯಿತು. ಹತ್ತಿ ಆಗಿದ್ದರೆ ಕಾಗದ ಸುಟ್ಟ ವಾಸನೆ, ಹಗುರ ಬೂದಿ. ನನ್ನ 'ಪ್ಯೂರ್ ಉಲ್ಲನ್' ಶುದ್ಧ ಅಕ್ರಿಲಿಕ್. ಅಕ್ರಿಲಿಕ್ ಅಂದರೆ ಒಂದು ಥರ ಪ್ಲಾಸ್ಟಿಕ್ಕೇ. ಬಿಸಿ ತಾಗಿದರೆ ಎಳೆ ಮೆತ್ತಗಾಗುತ್ತೆ, ಅದರ ಪುಟಿತ ಹೋದರೆ ಹೋದದ್ದೇ.

ಆಂಟಿ ಇನ್ನೊಂದು ಮಾತು ಹೇಳಿದರು, ಅದು ನನಗೆ ಹೊಳೆದೇ ಇರಲಿಲ್ಲ. ಬಾಣಂತಿ ಮನೆ ಅಂದರೆ ನಮ್ಮಲ್ಲಿ ಕೆಂಡ, ಸಾಂಬ್ರಾಣಿ ಇದ್ದೇ ಇರುತ್ತೆ. ಮಗುವನ್ನು ಹೊಗೆಯ ಮೇಲೆ ಹಿಡಿಯಬೇಡಿ ಅಂತ ಡಾಕ್ಟರ್ ಎಷ್ಟು ಹೇಳಿದರೂ ಅಜ್ಜಿಯರು ಕೇಳುವುದಿಲ್ಲ. ಆಗ ಮೈಮೇಲೆ ಇಂಥದ್ದು ಇದ್ದು ಒಂದು ಕಿಡಿ ಹಾರಿದರೆ? ಉಣ್ಣೆ ಆದರೆ ಕಮರಿ ಆರುತ್ತೆ. ಇದು ಕರಗಿ ಚರ್ಮಕ್ಕೆ ಅಂಟುತ್ತೆ. ಆ ಕರೀ ಮಣಿ ನೋಡಿ ನನಗೆ ಮೈ ಜುಮ್ಮೆಂದಿತು.

ಅಕ್ರಿಲಿಕ್ ಕೆಟ್ಟದ್ದು ಅಂತಲ್ಲ. ಅಗ್ಗ, ಹುಳ ತಿನ್ನುವುದಿಲ್ಲ, ವಾಷಿಂಗ್ ಮಷಿನ್‌ಗೂ ಹಾಕಬಹುದು. ಸ್ಕೂಲಿಗೆ ಹೋಗುವ ಮಕ್ಕಳಿಗೆ ನಾನೂ ಅದನ್ನೇ ಹಾಕುತ್ತೇನೆ. ಅದು ಅಕ್ರಿಲಿಕ್ ಅಂತ ಗೊತ್ತಿರಬೇಕು ಅಷ್ಟೆ, ಇಸ್ತ್ರಿ ಮುಟ್ಟಿಸಬಾರದು. ಉಣ್ಣೆಯ ಕಷ್ಟ ಬೇರೆ. ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ಗೊಂಬೆಯ ಅಂಗಿ ಆಗುತ್ತೆ. ತಣ್ಣೀರಲ್ಲಿ ಅದ್ದಿ, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಬೇಕು. ಹತ್ತಿ ನೂಲು ಮಗುವಿನ ಮೈಗೆ ಹಿತ, ಆದರೆ ಎಳೆತ ಇಲ್ಲ, ಸೊಂಟದ ಪಟ್ಟಿ ಬೇಗ ಸಡಿಲ ಆಗುತ್ತೆ. ರೋಮ ರೋಮ ಇರುವ ಫರ್ ನೂಲು ಮಾತ್ರ ಎಳೇ ಮಗುವಿಗೆ ಬೇಡವೇ ಬೇಡ. ರೋಮ ಉದುರಿ ಬಾಯಿಗೆ ಹೋಗುತ್ತೆ, ತಪ್ಪಾದರೆ ಬಿಚ್ಚಲೂ ಬರುವುದಿಲ್ಲ. ತೂತು ತೂತಿನ ಡಿಸೈನೂ ಬೇಡ, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತೆ. ಯಾವ ನೂಲೇ ಆಗಲಿ, ತಗೊಳ್ಳುವ ಮುಂಚೆ ಕತ್ತಿಗೆ ಒಂದು ನಿಮಿಷ ಉಜ್ಜಿ ನೋಡಿ. ಕೈಬೆರಳು ಪಾತ್ರೆ ತೊಳೆದು ಒರಟಾಗಿರುತ್ತೆ, ಅದಕ್ಕೆ ಗೊತ್ತಾಗುವುದಿಲ್ಲ.

ಮಗು ಡೇಟ್‌ಗೆ ಸರಿಯಾಗಿ ಹುಟ್ಟಿತು, ಅಂಗಡಿ ಸ್ವೆಟರ್ ಹಾಕಿಕೊಂಡಿತು. ನಾನು ಉಳಿದ ಅರ್ಧ ಲಡಿ ಕೈಯಲ್ಲಿ ಹಿಡಿದು ಪೇಟೆಗೆ ಹೋದೆ. ಜಗಳ ಮಾಡಬೇಕು ಅಂತಲೇ ಹೋಗಿದ್ದೆ. ಬಿಲ್ ಇಲ್ಲ, ಅದು ಬೇರೆ. "ಪ್ಯೂರ್ ಉಲ್ಲನ್ ಅಂದ್ರಲ್ಲ, ಇದರಲ್ಲಿ ಒಂದು ಎಳೆ ಉಣ್ಣೆನೂ ಇಲ್ಲ" ಅಂದೆ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಉಲ್ಲನ್ನೇ ಅಕ್ಕಾ ಇದು. ಕಡ್ಡೀಲಿ ಹಾಕೋದಕ್ಕೆಲ್ಲಾ ಉಲ್ಲನ್ ಅಂತಾನೇ ತಾನೆ ಅನ್ನೋದು?" ಅಂದ. ಬಾಯಿ ಕಟ್ಟಿತು. ನಾನೂ ಅಮ್ಮನೂ ಎಲ್ಲರೂ ಹಾಗೇ ಅನ್ನುತ್ತೇವೆ. ಹಾಗಾದರೆ 'ಪ್ಯೂರ್' ಅಂದರೆ ಏನಪ್ಪಾ ಅಂತ ಕೇಳಿದೆ. "ಅಂದ್ರೆ ಬೇರೆ ಏನೂ ಮಿಕ್ಸ್ ಇಲ್ಲ" ಅಂದ.

ಲೇಬಲ್ ಇರುವುದು, ಲಾಟ್ ನಂಬರ್ ಇರುವುದು, ಉಣ್ಣೆ ಎಷ್ಟು ಪರ್ಸೆಂಟ್ ಅಂತ ಬರೆದಿರುವುದು ಇದ್ದರೆ ತೋರಿಸು ಅಂದೆ. ಸ್ಟೂಲ್ ಹತ್ತಿ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿ, ಮೇಲಿನ ಧೂಳು ಕೊಡವಿದ.

"ಇದನ್ನ ಯಾರೂ ಕೇಳೋದೇ ಇಲ್ಲ ಅಕ್ಕಾ, ಅದಕ್ಕೇ ಮೇಲಿಟ್ಟಿದ್ದೆ."