ನಾಲ್ಕು ಕೋಟಿ ಅಂಕಿಗಳ ಬೇಟೆಗೆ ಪ್ರೈಮ್95
ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಮನೆಯ ಕಂಪ್ಯೂಟರಿನಲ್ಲೇ ಹುಡುಕಬಯಸುವವರಿಗೆ, ಜಾರ್ಜ್ ವೋಲ್ಟ್‌ಮನ್ ಅವರು 1996ರಲ್ಲಿ ಸ್ವಯಂಸೇವಕರ ಕಂಪ್ಯೂಟರುಗಳನ್ನು ಬಳಸುವ ಗಿಂಪ್ಸ್ ಯೋಜನೆಯೊಡನೆ ಹೊರತಂದ ಉಚಿತ ತಂತ್ರಾಂಶ ಪ್ರೈಮ್95 ಈಗಲೂ ನಂಬಿಕೆಗೆ ಅರ್ಹವಾಗಿದೆ. 2024ರ ಅಕ್ಟೋಬರ್‌ನಲ್ಲಿ ಇದೇ ಯೋಜನೆಯಡಿ ಲ್ಯೂಕ್ ಡ್ಯುರಾಂಟ್ ಅವರಿಗೆ ದೊರೆತ, 4,10,24,320 ಅಂಕಿಗಳ ಅವಿಭಾಜ್ಯ ಸಂಖ್ಯೆ 2¹³⁶²⁷⁹⁸⁴¹−1 ಮಾತ್ರ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಓಡುವ ಬೇರೊಂದು ತಂತ್ರಾಂಶಕ್ಕೆ ಸಿಕ್ಕಿತು.

ಇದರ ಹಿಂದಿನ ಗಣಿತವನ್ನು ಕಾಗದದ ಮೇಲೆಯೇ ಮಾಡಿ ನೋಡಬಹುದು. ಲ್ಯೂಕಾಸ್-ಲೆಹ್ಮರ್ ಪರೀಕ್ಷೆಯಲ್ಲಿ 4ರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ 2 ಕಳೆದು, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. 2⁵−1, ಅಂದರೆ 31ಕ್ಕೆ 4, 14, 8, 0 ಎಂದು ಬರುತ್ತದೆ. ಘಾತಾಂಕಕ್ಕಿಂತ ಎರಡು ಕಡಿಮೆ, ಅಂದರೆ ಮೂರನೆಯ ಹೆಜ್ಜೆಗೆ ಸೊನ್ನೆ ಬಂದದ್ದರಿಂದ 31 ಅವಿಭಾಜ್ಯ. ಮೇಲಿನ ದೈತ್ಯ ಸಂಖ್ಯೆಗೆ ಇದೇ ಹೆಜ್ಜೆಯನ್ನು ಹದಿಮೂರು ಕೋಟಿಗೂ ಹೆಚ್ಚು ಸಲ ಇಡಬೇಕು. ಆದರೂ ಅದು ಸಾಧ್ಯವಾಗುವುದು, 2ರ ಘಾತದಿಂದ 1 ಕಳೆದಾಗ ಬರುವ ಇಂಥ ಮರ್ಸೆನ್ ಸಂಖ್ಯೆಗಳು ದ್ವಿಮಾನದಲ್ಲಿ ಬರೀ 1ಗಳ ಸಾಲಾಗಿರುವುದರಿಂದ: ಭಾಗಾಕಾರವೇ ಬೇಡ, ಮೇಲಿನ ಬಿಟ್‌ಗಳನ್ನು ಕತ್ತರಿಸಿ ಕೆಳಗಿನವುಗಳಿಗೆ ಕೂಡಿದರೆ ಶೇಷ ಸಿದ್ಧ. ಘಾತಾಂಕ ಅವಿಭಾಜ್ಯವಾಗಿದ್ದ ಮಾತ್ರಕ್ಕೆ ಸಾಲದು. 2¹¹−1 ಎಂದರೆ 2047, ಅದು 23 ಮತ್ತು 89ರ ಗುಣಲಬ್ಧ. ಇವೆರಡನ್ನೂ 22ರಿಂದ ಭಾಗಿಸಿದರೆ 1 ಉಳಿಯುತ್ತದೆ, ಮತ್ತು ಅಪವರ್ತನಗಳ ಈ ಕಟ್ಟುಪಾಡನ್ನು ಬಳಸಿಯೇ ಬಹಳಷ್ಟು ಅಭ್ಯರ್ಥಿಗಳನ್ನು ಮೊದಲೇ ಕೈಬಿಡಲಾಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತಪ್ಪಿನ ಮೇಲಿನ ಕಾವಲು. ಒಂದೇ ಒಂದು ಬಿಟ್ ತಿರುಗಿದರೂ ವಾರಗಟ್ಟಲೆ ನಡೆದ ಲೆಕ್ಕ ಹಾಳಾಗುವುದರಿಂದ, ಈಗಿನ ಆವೃತ್ತಿಗಳು ಮೊದಲ ಪರೀಕ್ಷೆಗೆ ಲ್ಯೂಕಾಸ್-ಲೆಹ್ಮರ್ ಬದಲು, ಸಂಖ್ಯೆ ಅವಿಭಾಜ್ಯವಾಗಿರುವ ಸಾಧ್ಯತೆಯನ್ನು ತೋರುವ ಫರ್ಮಾ ಮಾದರಿಯ ವಿಧಾನವನ್ನು ಬಳಸಿ, ಗೆರ್ಬಿಜ್ ತಪಾಸಣೆಯ ಮೂಲಕ ದೋಷವನ್ನು ನಡುವೆಯೇ ಹಿಡಿಯುತ್ತವೆ. ಮೊದಲ ಪರದೆಯಲ್ಲೇ ಸಿಗುವ ಒತ್ತಡ ಪರೀಕ್ಷೆಯನ್ನು (ಯಂತ್ರವನ್ನು ಪೂರ್ತಿ ದುಡಿಸಿ ನೋಡುವುದು) ಓಡಿಸಿದಾಗ ನನ್ನ ಹಳೆಯ ಲ್ಯಾಪ್‌ಟಾಪ್ ಹತ್ತೇ ನಿಮಿಷಕ್ಕೆ ದೋಷ ತೋರಿಸಿತು. ಫ್ಯಾನಿಗೆ ಮೆತ್ತಿಕೊಂಡಿದ್ದ ಧೂಳನ್ನು ತೆಗೆಸಿದ ಮೇಲೆ ರಾತ್ರಿಯಿಡೀ ತಕರಾರಿಲ್ಲದೆ ಓಡಿತು.

ತೊಂಬತ್ತರ ದಶಕದಂತೆ ಕಾಣುವ ಪರದೆ, ಸದಾ ಬಿಸಿಯಾದ ಯಂತ್ರ ಮತ್ತು ವಿದ್ಯುತ್ ಬಿಲ್ಲು ಇದರ ಕೊರತೆಗಳು. ಹೊಸ ಮರ್ಸೆನ್ ಅವಿಭಾಜ್ಯ ಕಂಡುಹಿಡಿದವರಿಗೆ ಸಿಗುವ 3,000 ಡಾಲರ್ ಬಹುಮಾನದ ಆಸೆಗೆ ಇಳಿಯುವುದಂತೂ ಲಾಟರಿ ಕೊಂಡಂತೆ. ಬಹುಪಾಲು ಸಿಗುವ ಉತ್ತರ 'ಅವಿಭಾಜ್ಯವಲ್ಲ' ಎಂಬುದೇ, ಅದೂ ಅಪವರ್ತನ ಯಾವುದೆಂದು ಹೇಳದೆ. 2⁶⁷−1 ಅವಿಭಾಜ್ಯವಲ್ಲವೆಂದು ಲ್ಯೂಕಾಸ್ 1876ರಲ್ಲೇ ತೋರಿಸಿದ್ದರೂ, ಅದು 193707721 ಮತ್ತು 761838257287ರ ಗುಣಲಬ್ಧವೆಂದು ಫ್ರಾಂಕ್ ನೆಲ್ಸನ್ ಕೋಲ್ ಬಿಡಿಸಿ ತೋರಿಸಿದ್ದು 1903ರಲ್ಲಿ. ನನ್ನ ಮೊದಲ ಪರೀಕ್ಷೆ ಮುಗಿದಾಗ ಪರದೆಯ ಮೇಲೆ ಉಳಿದದ್ದೂ ಅಂಥದೇ ಒಂದು ನಿರಾಕರಣೆ ಮತ್ತು ಹದಿನಾರು ಅಕ್ಷರಗಳ ಶೇಷ. ಅದನ್ನು ಗಿಂಪ್ಸ್‌ಗೆ ಕಳುಹಿಸಿ ಮುಂದಿನ ಘಾತಾಂಕವನ್ನು ಪಡೆದುಕೊಂಡಿದ್ದೇನೆ.