ಅಕ್ಕನ ಮದುವೆ ಡಿವಿಡಿ, ನನ್ನ ಎರಡು ಹಾರ್ಡ್ ಡಿಸ್ಕ್

ಮನೆಯ ಫೋಟೋಗಳನ್ನು ವರ್ಷಗಟ್ಟಲೆ ಕಾಪಾಡಲು ಡಿವಿಡಿ ಒಳ್ಳೆಯದೋ ಹಾರ್ಡ್ ಡಿಸ್ಕೋ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನಾನೀಗ ಹಾರ್ಡ್ ಡಿಸ್ಕ್ ಕಡೆಯವನು. ನಮ್ಮ ಮನೆ ಮೂಡಿಗೆರೆ ಹತ್ತಿರ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುವ ಊರಲ್ಲಿ ಡಿವಿಡಿ ನಂಬಿದ್ದೆ ನೋಡಿ.

2011ರಲ್ಲಿ ಅಕ್ಕನ ಮದುವೆ. ಫೋಟೋಗಳನ್ನೆಲ್ಲ ಆರು ಡಿವಿಡಿಗೆ ಹಾಕಿ ಬೀರುವಿನಲ್ಲಿಟ್ಟಿದ್ದೆ. ಹೋದ ವರ್ಷ ಭಾವ ಕೇಳಿದರು ಅಂತ ತೆಗೆದರೆ, ಲ್ಯಾಪ್‌ಟಾಪಿನಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ಹೊರಗಿನಿಂದ ಸಿಕ್ಕಿಸುವ ಡ್ರೈವ್ ತಂದೆ. ಅದಕ್ಕೆ ಒಂದು ಯುಎಸ್‌ಬಿ ಪೋರ್ಟಿನ ಕರೆಂಟ್ ಸಾಲದು, ಗುರ್ ಅಂದು ಸುಮ್ಮನಾಗುತ್ತಿತ್ತು. ಎರಡು ಪೋರ್ಟಿಗೂ ಸಿಕ್ಕಿಸುವ ಎರಡು ತಲೆಯ ಕೇಬಲ್ ಹಾಕಿದ ಮೇಲೆ ತಿರುಗಿತು.

ಐದು ಡಿಸ್ಕ್ ಓದಿತು. ಆರನೆಯದು ಮುಕ್ಕಾಲು ಕಾಪಿಯಾಗಿ ನಿಂತೇಬಿಟ್ಟಿತು. ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ಉಗುರಿನಗಲ ಮಂಜು ಕವಿದ ಹಾಗಿದೆ. ಒರೆಸಿದರೆ ಹೋಗಲ್ಲ, ಅದು ಒಳಗಿದೆ. ಡಿವಿಡಿ ಅಂದರೆ ಎರಡು ತೆಳು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿದ್ದು. ನಾವು ಬರೆದದ್ದೆಲ್ಲ ಕೂರುವುದು ನಡುವಿನ ಬಣ್ಣದ ಪದರದಲ್ಲಿ. ಅಂಚಿನ ಅಂಟು ಬಿಟ್ಟರೆ ತೇವ ನುಗ್ಗುತ್ತದೆ. ಡ್ರೈವ್ ಬರೆಯುವುದೋ ಮಧ್ಯದ ತೂತಿನ ಕಡೆಯಿಂದ ಅಂಚಿನ ಕಡೆಗೆ. ಹಾಗಾಗಿ ತುಂಬಿದ ಡಿಸ್ಕಿನಲ್ಲಿ ಕೊನೆಗೆ ಹಾಕಿದ ಫೋಟೋಗಳೇ ಮೊದಲು ಹೋಗುತ್ತವೆ. ಚಪ್ಪರ, ಧಾರೆ, ಊಟದ ಪಂಕ್ತಿ ಎಲ್ಲ ಬಂತು. ಹೆಣ್ಣು ಒಪ್ಪಿಸಿಕೊಡುವ ಹೊತ್ತಿನದು ಒಂದೂ ಬರಲಿಲ್ಲ. ಅಪ್ಪ ಅತ್ತಿದ್ದು ಅದರಲ್ಲೇ ಇತ್ತು.

ಒಮ್ಮೆ ಬರೆದ ಡಿಸ್ಕನ್ನು ವೈರಸ್ ಮುಟ್ಟಲಾರದು, ಅದನ್ನು ಒಪ್ಪುತ್ತೇನೆ. ಎಂ-ಡಿಸ್ಕ್ ಅಂತ ಇನ್ನೊಂದು ಬಗೆಯ ಡಿಸ್ಕೂ ಇದೆ. ಬಣ್ಣದ ಬದಲು ಕಲ್ಲಿನಂಥ ಪದರ, ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ನನ್ನ ಹತ್ತಿರ ಇರುವುದು 600 ಜಿಬಿ. 4.7 ಜಿಬಿಯ ಡಿವಿಡಿಯಾದರೆ ಸುಮಾರು 130 ಬೇಕು. 25 ಜಿಬಿಯ ಬ್ಲೂ-ರೇ ಆದರೂ ಎರಡು ಡಜನ್. ಮಳೆಗಾಲದಲ್ಲಿ ಗಳಿಗೆಗೊಮ್ಮೆ ಕರೆಂಟ್ ಹೋಗುವಾಗ ಅಷ್ಟು ಬರೆಯುತ್ತ ಯಾರು ಕೂರುತ್ತಾರೆ?

ಎಸ್‌ಎಸ್‌ಡಿ ಅಂದರೆ ತಿರುಗುವ ಬಿಲ್ಲೆಯಿಲ್ಲದೆ ಚಿಪ್ಪಿನಲ್ಲೇ ಬರೆದಿಡುವ ಡ್ರೈವ್. ಅದನ್ನು ಕರೆಂಟ್ ಕೊಡದೆ ವರ್ಷಗಟ್ಟಲೆ ಇಟ್ಟರೆ ಒಳಗಿನದು ಅಳಿಸಿಹೋಗುವ ಅಪಾಯವಿದೆ. ಬೇಡ ಅಂದೆ.

ಹಾರ್ಡ್ ಡಿಸ್ಕ್ ಕೈಜಾರಿ ಬಿದ್ದರೆ ಕಥೆ ಮುಗೀತು. ಅದಕ್ಕೇ 1 ಟಿಬಿಯ ಎರಡು ತಗೊಂಡೆ, ಬೇರೆ ಬೇರೆ ಕಂಪನಿಯವು. ಎರಡೂ ಸೇರಿ ಹತ್ತು ಸಾವಿರದ ಹತ್ತಿರ ಆಯಿತು, ಮೆಣಸು ಮಾರಿದ ದುಡ್ಡಲ್ಲಿ ಹೋಯಿತು. ಒಂದು ನಮ್ಮನೆಯಲ್ಲಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಇನ್ನೊಂದು ಹಾಸನದಲ್ಲಿ ಅಕ್ಕನ ಮನೆಯಲ್ಲಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎರಡನ್ನೂ ಸಿಕ್ಕಿಸಿ ನಾಲ್ಕು ಫೋಟೋ ತೆರೆದು ನೋಡುತ್ತೇನೆ.

ಕೇಬಲ್ ಮಾತ್ರ ಡಿಸ್ಕಿನ ಜೊತೆ ಡಬ್ಬಿಯಲ್ಲೇ ಇಡಿ. ಆ ಅಗಲ ಮೂತಿಯ ಕೇಬಲ್ ಕೇಳಿದರೆ ನಮ್ಮ ಕಡೆ ಅಂಗಡಿಯಲ್ಲಿ ಮೊಬೈಲ್ ಚಾರ್ಜರ್ ತೆಗೆದು ಕೊಡುತ್ತಾರೆ.