ತಪ್ಪಿದ್ದರೇನೇ ಬೆಲೆ: ಒಂದೇ ರೈಫಲ್ ಕೈಪಿಡಿಯ ಮೂರು ಪ್ರತಿಗಳು

ನಮ್ಮ ದೇಶದಲ್ಲಿ ಬಂದೂಕು ಕೂಡಿಡುವ ಹವ್ಯಾಸ ಸುಲಭದ್ದಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಲೈಸೆನ್ಸ್ ಇದ್ದವರಿಗೂ ತಲಾ ಎರಡೇ ಬಂದೂಕು. ಮುಂಚೆ ಮೂರಿತ್ತು. ಹಾಗಾಗಿ ನನ್ನಂಥವರು ಬಂದೂಕು ಬಿಟ್ಟು ಅದರ ಕೈಪಿಡಿ ಹಿಡಿದುಕೊಂಡಿದ್ದೇವೆ. ಕಾಗದಕ್ಕೆ ಲೈಸೆನ್ಸ್ ಬೇಕಿಲ್ಲ, ಅಲ್ವಾ?

ಈ ಹುಚ್ಚಿನಲ್ಲೊಂದು ವಿಚಿತ್ರವಿದೆ. ಸರಿಯಾಗಿರುವ ಪ್ರತಿಗಿಂತ ತಪ್ಪಿರುವ ಪ್ರತಿಗೇ ಗಿರಾಕಿ ಜಾಸ್ತಿ. ಅಂಚೆಚೀಟಿಯವರಿಗೆ ಇದು ಹೊಸದಲ್ಲ. 1854ರ ನಾಲ್ಕಾಣೆ ಚೀಟಿಯಲ್ಲಿ ವಿಕ್ಟೋರಿಯಾ ರಾಣಿಯ ತಲೆ ಕೆಳಮೇಲಾಗಿ ಅಚ್ಚಾದದ್ದಕ್ಕೆ ಇವತ್ತಿಗೂ ಆಸೆಪಡುತ್ತಾರೆ. ಆದರೆ ಚೀಟಿಯ ತಪ್ಪಿನಿಂದ ಯಾರ ಬೆರಳೂ ಹೋಗುವುದಿಲ್ಲ. ಕೈಪಿಡಿಯ ಕತೆ ಬೇರೆ.

ನನ್ನ ಹತ್ತಿರ ಬ್ರಿಟಿಷ್ ಸೇನೆಯ 1942ರ ರೈಫಲ್ ಪ್ಯಾಂಫ್ಲೆಟ್, ಅಂದರೆ ಸ್ಮಾಲ್ ಆರ್ಮ್ಸ್ ಟ್ರೈನಿಂಗ್ ಮೊದಲ ಸಂಪುಟದ ಮೂರನೇ ಪುಸ್ತಿಕೆ, ಮೂರು ರೂಪದಲ್ಲಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ 1,800 ರೂಪಾಯಿಗೆ ಸಿಕ್ಕ ಮೂಲ ಪ್ರತಿ, 650 ರೂಪಾಯಿಯ ಮರುಮುದ್ರಣ, ಮತ್ತೆ ಪುಕ್ಕಟೆ ಸಿಕ್ಕ ಸ್ಕ್ಯಾನ್. ಕೊಡಗಿನವರು ಆಯುಧ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬಕ್ಕೆ ವಿರಾಜಪೇಟೆ ಹತ್ತಿರದ ಗೆಳೆಯನ ಮನೆಗೆ ಮೂರನ್ನೂ ಹೊತ್ತುಕೊಂಡು ಹೋದೆ. ಅಲ್ಲಿ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಇದೆ. ಪುಸ್ತಿಕೆಯಲ್ಲಿರುವುದು ಸೇನೆಯ ಲೀ-ಎನ್‌ಫೀಲ್ಡ್ ರೈಫಲ್, ಅದರ ಬೋರು, ಅಂದರೆ ನಳಿಗೆಯ ಒಳಅಳತೆ, .303. ಅದು ನಮಗೆ ನಿಮಗೆ ಸಿಗದ ಬೋರು. ಅದಕ್ಕೇ ಆ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ .315 ನಳಿಗೆ ಕೂರಿಸಿ ಮಾರುತ್ತದೆ. ಹಬ್ಬಕ್ಕೆ ಹೇಗೂ ತೋಕು, ಅಂದರೆ ಬಂದೂಕು, ಬಿಚ್ಚಿ ಒರೆಸಲೇಬೇಕು. ಪುಸ್ತಕ ನೋಡಿಕೊಂಡೇ ಒರೆಸೋಣ ಅಂದೆ. ಗೆಳೆಯನ ಚಿಕ್ಕಪ್ಪ, ನಿವೃತ್ತ ಸುಬೇದಾರ್ರು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಮೊದಲು ಸ್ಕ್ಯಾನ್. ಫೋನಿನಲ್ಲಿ ಹುಡುಕಲು ಇದಕ್ಕಿಂತ ಸಲೀಸು ಇನ್ನೊಂದಿಲ್ಲ. ಆದರೆ ಅಕ್ಷರ ಗುರುತಿಸಿದ್ದು ಯಂತ್ರ. ನಳಿಗೆ ಒರೆಸುವ ಬಟ್ಟೆಯ ಅಳತೆ ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲ. ಎನ್‌ಸಿಸಿ ಮಾಡಿದವರಿಗೆ ಗೊತ್ತು, ಅದೇ ಚಿಂದಿ. ಸ್ಕ್ಯಾನ್‌ನಲ್ಲಿ ನಡುವಿನ ಗುಣಾಕಾರದ ಗುರುತು ಮಾಯವಾಗಿ 42 ಇಂಚು ಆಗಿತ್ತು. ಓದಿ ಹೇಳಿದೆ. "ಪಂಚೆ ತರ್ಲಾ ಹಾಗಾದ್ರೆ?" ಅಂದರು ಸುಬೇದಾರ್ರು. ಈ ತಪ್ಪು ನಗಿಸಿತು, ಸರಿ. ಆದರೆ ಗುರಿ ಹಿಡಿಯುವ ನಿಶಾನಿಯ 300 ಗಜ ಇನ್ನೊಂದು ಕಡೆ 800 ಆಗಿದ್ದು ನಗುವ ವಿಷಯವಲ್ಲ. ಸಂಗ್ರಹಕ್ಕಂತೂ ಇಂಥ ತಪ್ಪು ದಂಡ. ಇದರ ಹಿಂದೆ ಮನುಷ್ಯರೇ ಇಲ್ಲ.

ಮರುಮುದ್ರಣದ ಕಾಗದ ಬಿಳಿ, ಅಚ್ಚು ಕಪ್ಪು, ಎಣ್ಣೆ ಕೈಯಲ್ಲಿ ಮುಟ್ಟಲು ಹೆದರಿಕೆಯಿಲ್ಲ. ಕೆಲಸಕ್ಕೆ ಇದೇ ಒಳ್ಳೇದು ಅಂದುಕೊಳ್ಳುವಷ್ಟರಲ್ಲಿ ಒಂದು ಚಿತ್ರ ಸಿಕ್ಕಿತು. ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಬೋಲ್ಟಿನ ಹಿಡಿ ಬಲಗಡೆ ಇರಬೇಕು, ಇಲ್ಲಿ ಎಡಗಡೆ ಇದೆ! ಪುಟ ಜೋಡಿಸಿದವನು ಚಿತ್ರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಬಿಟ್ಟಿದ್ದ. ಸುಬೇದಾರ್ರು ಕನ್ನಡಕ ಏರಿಸಿ ನೋಡಿದರು. "ಇದು ಯಾರ ತೋಕು ಮಾರಾಯಾ? ಎಡಗೈಯವನದ್ದಾ?" ಮಾರಿದವರಿಗೆ ಬರೆದು ಕೇಳಿದ್ದೆ, ಉತ್ತರ ಬರಲಿಲ್ಲ.

ಇನ್ನು ಮೂಲ ಪ್ರತಿ. ಇದರ ಮೇಲೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡ್ತೇನೆ. ಒಳಗೊಂದು ಕಡೆ ಬೆರಳಗಲದ ಪಟ್ಟಿ ಅಂಟಿಸಿದ್ದಾರೆ. ತಿದ್ದುಪಡಿ ಬಂದಾಗ ಹೀಗೆ ಅಂಟಿಸಿ, ಯಾವ ತಿದ್ದುಪಡಿ, ಅಂಟಿಸಿದವರು ಯಾರು, ಯಾವತ್ತು ಅಂತ ಬರೆದಿಡುತ್ತಿದ್ದರು. ನನ್ನ ಪ್ರತಿಯಲ್ಲಿ ನೇರಳೆ ಪೆನ್ಸಿಲ್‌ನಲ್ಲಿ ಎರಡಕ್ಷರದ ಸಹಿ, 1944. ಪಟ್ಟಿಗೆ ಒಂದೇ ಅಂಚಿನಲ್ಲಿ ಗೋಂದು. ಮೆಲ್ಲಗೆ ಎತ್ತಿ ಟಾರ್ಚ್ ಬಿಟ್ಟರೆ ಕೆಳಗಿನ ಹಳೆಯ ಸಾಲು ಕಾಣುತ್ತದೆ. ಚಿತ್ರದ ಸಂಖ್ಯೆ ತಪ್ಪಿತ್ತು, ಅಷ್ಟೇ. ಸಂಗ್ರಹದವರು ಪಟ್ಟಿ ಅಂಟಿಸದ, ತಪ್ಪು ಹಾಗೇ ಉಳಿದ ಪ್ರತಿಗೆ ದುಡ್ಡು ಜಾಸ್ತಿ ಕೊಡ್ತಾರೆ. ನನಗೆ ಅಂಟಿಸಿದ್ದೇ ಬೇಕು. ಅಂಟಿಸದಿದ್ದರೆ ಬರೀ ತಪ್ಪು. ಇಲ್ಲಿ ತಪ್ಪೂ ಇದೆ, ಅದನ್ನು ಕಂಡ ಕಣ್ಣೂ ಇದೆ.

ಆದರೆ ಇದೇ ಪ್ರತಿ ನನ್ನ ಮಾನ ಕಳೆಯಿತು. ಬೋಲ್ಟ್ ತೆಗೆಯಲು ಸಣ್ಣ ಕ್ಯಾಚ್ ಒತ್ತಬೇಕು ಅಂತ ಓದಿ ಹತ್ತು ನಿಮಿಷ ಹುಡುಕಿದೆ. ಕ್ಯಾಚೇ ಇಲ್ಲ. ಹೊಸ ತಪ್ಪು ಸಿಕ್ಕಿತು ಅಂತ ಒಳಗೊಳಗೇ ಖುಷಿ. ಸುಬೇದಾರ್ರು ಬೋಲ್ಟ್ ಹಿಂದಕ್ಕೆಳೆದು, ಅದರ ತಲೆಯನ್ನು ಹೆಬ್ಬೆರಳಲ್ಲಿ ಮೇಲಕ್ಕೆತ್ತಿದರು. ಟಕ್ ಅಂತ ಬಿಟ್ಟುಕೊಂಡಿತು. ನಾನು ಓದಿದ್ದು ಲೀ-ಎನ್‌ಫೀಲ್ಡ್‌ನ ನಂಬರ್ 4 ಮಾದರಿಯ ಸಾಲು. .315ರ ಯಂತ್ರ ಅದಕ್ಕಿಂತ ಹಳೆಯ ನಂಬರ್ 1ರದ್ದು. "ತಪ್ಪಿರುವ ಅಪರೂಪದ ಪ್ರತಿ" ಅಂತ ಮಾರಾಟಕ್ಕೆ ಬರುವುದರಲ್ಲಿ ಇಂಥವೂ ಇರುತ್ತವೆ. ತಪ್ಪು ಪುಸ್ತಕದ್ದಲ್ಲ, ಓದಿದವನದ್ದು. ದುಡ್ಡು ಕೊಡುವ ಮೊದಲು ಯಾವ ಮಾದರಿಯ ಮಾತು ಅಂತ ನೋಡಿಕೊಳ್ಳಿ.

ಕೊನೆಗೆ ಬಂದೂಕು ಒರೆಸಿದ್ದು ಯಾವ ಪುಸ್ತಕ ನೋಡಿಯೂ ಅಲ್ಲ, ಸುಬೇದಾರ್ರು ಹೇಳಿದ ಹಾಗೆ. ನಳಿಗೆಗೆ ತೋಕು ಹೂ ಸಿಕ್ಕಿಸಿ, ಪೂಜೆ ಮುಗಿಸಿ, ಕಡಂಬುಟ್ಟು ತಿಂದು ಬಂದೆ.

ಮೊನ್ನೆ ಒಬ್ಬ ಪರಿಚಯದವರು ಮನೆಗೆ ಬಂದು ಮೂರನ್ನೂ ನೋಡಿದರು. ಮೂಲ ಪ್ರತಿಯನ್ನು ಸುಮ್ನೆ ತಿರುವಿಹಾಕಿ ಪಕ್ಕಕ್ಕಿಟ್ಟರು. ಆ ಎಡಗೈ ಬೋಲ್ಟಿನ ಮರುಮುದ್ರಣ ಕೈಗೆತ್ತಿಕೊಂಡು, "ಇದಕ್ಕೆ ಒಂದೂವರೆ ಸಾವಿರ ಕೊಡ್ತೀನಿ" ಅಂದರು. ನಾನು ಕೊಡಲಿಲ್ಲ.